ಗ್ರಂಥಾಲಯದಲ್ಲಿ ಕಲಿಸುವವರು ಯಾರು?

ಚೆನ್ನೈನಲ್ಲಿ ಕಂಪ್ಯೂಟರ್ ಕಲಿಯುವುದಕ್ಕೆ ಜಾಗದ ಬರವಿಲ್ಲ. ತೊಂಬತ್ತರ ದಶಕದಲ್ಲೇ ಟಿ. ನಗರ, ಅಡ್ಯಾರ್, ತಾಂಬರಂ ಎಂದು ಎಲ್ಲಿ ನೋಡಿದರೂ ಎನ್‌ಐಐಟಿ, ಆಪ್‌ಟೆಕ್, ಎಸ್‌ಎಸ್‌ಐ ಬೋರ್ಡುಗಳಿದ್ದವು. ಇಂದಿಗೂ ಜಾವಾ, ಪೈಥಾನ್, ಟ್ಯಾಲಿ ಕಲಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಆ ತರಗತಿಗಳೆಲ್ಲ ಕೆಲಸ ಹುಡುಕುವ ವಯಸ್ಸಿನವರಿಗೆ, ಅದರಲ್ಲೂ ಫೀಸು ಕಟ್ಟುವ ಶಕ್ತಿ ಇದ್ದವರಿಗೆ ಮಾತ್ರ. ಪಿಂಚಣಿಗಾಗಿ ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟನ್ನು ಫೋನಿನಲ್ಲೇ ಕಳಿಸಬೇಕಾದ ಎಪ್ಪತ್ತರ ಹಿರಿಯರು, ಸಂಬಳ ಯುಪಿಐನಲ್ಲಿ ಬಂತೋ ಇಲ್ಲವೋ ಎಂದು ಮಗಳ ಕೈಯಲ್ಲಿ ನೋಡಿಸಿಕೊಳ್ಳುವ ಮನೆಗೆಲಸದ ಹೆಂಗಸು, ಸರ್ಕಾರಿ ಪರೀಕ್ಷೆಯ ಅರ್ಜಿಯಲ್ಲಿ ಫೋಟೋದ ಗಾತ್ರ ಹೆಚ್ಚಾಯಿತೆಂದು ಕೆಂಪು ಅಕ್ಷರ ಬಂದಾಗ ಕಂಗಾಲಾಗುವ ಹುಡುಗ, ಇವರೆಲ್ಲ ಎಲ್ಲಿಗೆ ಹೋಗಬೇಕು? ಸದ್ಯಕ್ಕೆ ಹೋಗುತ್ತಿರುವುದು ಮೊಬೈಲ್ ಅಂಗಡಿಗೆ, ಬ್ರೌಸಿಂಗ್ ಸೆಂಟರಿಗೆ, ಇಲ್ಲವೇ ಸರ್ಕಾರದ ಇ-ಸೇವೈ ಕೇಂದ್ರಕ್ಕೆ. ಅಲ್ಲಿ ಕೆಲಸ ಮುಗಿಸಿಕೊಡುತ್ತಾರೆ, ಕಲಿಸುವುದಿಲ್ಲ. ಮುಂದಿನ ಸಲವೂ ಅದೇ ಬಾಗಿಲು ತಟ್ಟಬೇಕು.

ಈ ಕಲಿಕೆಯ ಹೊಣೆಯನ್ನು ಸಾರ್ವಜನಿಕ ಗ್ರಂಥಾಲಯ ಹೊರಬಲ್ಲದೇ, ಹೊರಬೇಕೇ? ಹೊತ್ತ ಕಡೆ ಏನಾಗಿದೆ? ಚೆನ್ನೈನಲ್ಲಿ, ನೆರೆಯ ಪುದುಚೇರಿಯಲ್ಲಿ, ಕರ್ನಾಟಕ ಮತ್ತು ಕೇರಳದಲ್ಲಿ, ಹೊರದೇಶಗಳಲ್ಲಿ ಕಳೆದ ಕಾಲು ಶತಮಾನದಲ್ಲಿ ನಡೆದ ಪ್ರಯೋಗಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಂತ್ರ ತಂದಿಟ್ಟ ಕಡೆಯಲ್ಲೆಲ್ಲ ಕಲಿಕೆ ನಡೆದಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡುವುದು ಯಾರ ಕೆಲಸ ಎಂದು ಮೊದಲೇ ಗೊತ್ತುಮಾಡಿಕೊಂಡ ಕಡೆ ನಡೆದಿದೆ.

ಮದರಾಸಿನ ಹಳೆಯ ಬಂಡವಾಳ

ಭಾರತದ ಗ್ರಂಥಾಲಯ ಚಳವಳಿಯಲ್ಲಿ ಮದರಾಸಿಗೆ ಇರುವ ಸ್ಥಾನ ದೊಡ್ಡದು. ಎಗ್ಮೋರಿನ ಕನ್ನೆಮಾರಾ ಗ್ರಂಥಾಲಯ 1896ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ದೇಶದಲ್ಲಿ ಅಚ್ಚಾಗುವ ಪುಸ್ತಕಗಳ ಪ್ರತಿ ಕಡ್ಡಾಯವಾಗಿ ಸಲ್ಲಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಅದೂ ಒಂದು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ತನ್ನ ಮೊದಲ ಗ್ರಂಥಪಾಲಕರನ್ನಾಗಿ ಎಸ್. ಆರ್. ರಂಗನಾಥನ್ ಅವರನ್ನು ನೇಮಿಸಿತು. ಗಣಿತದ ಮೇಷ್ಟರಾದ ರಂಗನಾಥನ್ ಅದಕ್ಕೆ ಮುಂಚೆ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಪಾಠ ಹೇಳಿದ್ದವರು. ಕೊನೆಗಾಲದಲ್ಲಿ ಬೆಂಗಳೂರಿಗೆ ಬಂದು ನೆಲೆಸಿ 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಸಂಶೋಧನ, ತರಬೇತಿ ಕೇಂದ್ರ ಕಟ್ಟಿದ್ದರಿಂದ ಕನ್ನಡಿಗರಿಗೂ ಅವರು ಹೊರಗಿನವರಲ್ಲ. 1928ರಲ್ಲಿ ಮದ್ರಾಸ್ ಲೈಬ್ರರಿ ಅಸೋಸಿಯೇಷನ್ ಹುಟ್ಟಿತು. 1931ರಲ್ಲಿ ರಂಗನಾಥನ್ ಅವರ ಐದು ಸೂತ್ರಗಳ ಪುಸ್ತಕ ಹೊರಬಂತು. ಪುಸ್ತಕ ಇರುವುದು ಬಳಕೆಗೆ, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ ಎಂಬ ಎರಡು ಸೂತ್ರಗಳು ನಮ್ಮ ಈ ಚರ್ಚೆಗೆ ನೇರವಾಗಿ ಸಂಬಂಧಪಟ್ಟವು.

ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು. ನಿವೃತ್ತ ಎಂಜಿನಿಯರ್ ಎಸ್. ವಿ. ಕನಕಸಭೈ ಪಿಳ್ಳೈ ಅದರ ಹಿಂದಿದ್ದವರು. ಗಾಡಿಯಲ್ಲಿ ಪುಸ್ತಕದ ಜೊತೆ ಒಬ್ಬ ಗ್ರಂಥಪಾಲಕ. ಊರಿಂದ ಊರಿಗೆ ಹೋಗಿ ಪುಸ್ತಕ ಕೊಡುವುದು, ಹಿಂದೆ ಪಡೆಯುವುದು, ಏನು ಬೇಕೆಂದು ಕೇಳುವುದು ಅವನ ಕೆಲಸ. ಓದುಗರು ಬರಲಿ ಎಂದು ಕಾಯುತ್ತ ಕೂರುವ ಬದಲು ಇದ್ದಲ್ಲಿಗೇ ಹೋಗಬೇಕು ಎಂಬ ಬುದ್ಧಿ ಈ ಪ್ರಾಂತಕ್ಕೆ ತೊಂಬತ್ತು ವರ್ಷಗಳ ಹಿಂದೆಯೇ ಬಂದಿತ್ತು.

ಅದಕ್ಕೆ ಕಾನೂನಿನ ಬಲವೂ ಬಂತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ 1948ರ ಮದರಾಸಿನದು. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಹಾಕುವ ಏರ್ಪಾಡು ಅದರಲ್ಲೇ ಇತ್ತು. ತಮಿಳುನಾಡಿನಲ್ಲಿ ಈಗ ರೂಪಾಯಿಗೆ ಹತ್ತು ಪೈಸೆಯಂತೆ ಈ ಕರ ವಸೂಲಾಗುತ್ತದೆ. ಕರ್ನಾಟಕದಲ್ಲಿ ಆರು ಪೈಸೆ. ಅಂದರೆ ಚೆನ್ನೈನ ಪ್ರತಿಯೊಬ್ಬ ಮನೆ ಮಾಲೀಕ ಪುಸ್ತಕ ಮುಟ್ಟಲಿ ಬಿಡಲಿ, ಗ್ರಂಥಾಲಯಕ್ಕೆ ಹಣ ಕಟ್ಟುತ್ತಲೇ ಇದ್ದಾನೆ. ಆ ಹಣದಲ್ಲಿ ತನಗೇನು ಸಿಗುತ್ತದೆ ಎಂದು ಕೇಳುವ ಹಕ್ಕೂ ಅವನಿಗಿದೆ.

ತರಮಣಿಯಿಂದ ವೀರಾಂಪಟ್ಟಿಣಕ್ಕೆ

ಊರಿನ ಜನಕ್ಕೆ ಕಂಪ್ಯೂಟರನ್ನು ಒಯ್ಯುವ ದೊಡ್ಡ ಪ್ರಯೋಗ ಶುರುವಾದದ್ದು ಚೆನ್ನೈನಿಂದಲೇ, ಆದರೆ ಗ್ರಂಥಾಲಯ ಇಲಾಖೆಯಿಂದಲ್ಲ. ತರಮಣಿಯಲ್ಲಿರುವ ಎಂ. ಎಸ್. ಸ್ವಾಮಿನಾಥನ್ ಸಂಶೋಧನ ಪ್ರತಿಷ್ಠಾನ 1998ರಲ್ಲಿ ಪುದುಚೇರಿಯ ಹಳ್ಳಿಗಳಲ್ಲಿ ಜ್ಞಾನ ಕೇಂದ್ರಗಳನ್ನು ತೆರೆಯಿತು. ವಿಲ್ಲಿಯನೂರು ಅದರ ಕೇಂದ್ರಸ್ಥಾನ. ಜಾಗವನ್ನು ಊರವರು ಪುಕ್ಕಟೆ ಕೊಡಬೇಕು, ನಡೆಸುವವರು ಊರವರೇ ಆಗಿರಬೇಕು, ಜಾತಿ ನೋಡದೆ ಎಲ್ಲರಿಗೂ ಬಾಗಿಲು ತೆರೆದಿರಬೇಕು ಎಂಬುದು ಷರತ್ತು. ನಡೆಸಲು ಮುಂದೆ ಬಂದವರಲ್ಲಿ ಹೆಚ್ಚಿನವರು ಹೆಂಗಸರು.

ವೀರಾಂಪಟ್ಟಿಣ ಮೀನುಗಾರರ ಊರು. ಅಲ್ಲಿನ ಕೇಂದ್ರದಲ್ಲಿ ಆಗಿನ ಕಾಲಕ್ಕೆ ಅಂತರ್ಜಾಲ ಸಲೀಸಾಗಿ ಸಿಗುತ್ತಿರಲಿಲ್ಲ. ಅಮೆರಿಕದ ನೌಕಾಪಡೆಯ ಜಾಲತಾಣದಲ್ಲಿ ಬಂಗಾಳ ಕೊಲ್ಲಿಯ ಅಲೆ ಎಷ್ಟೆತ್ತರ ಏಳಬಹುದೆಂಬ ಮುನ್ಸೂಚನೆ ಬರುತ್ತಿತ್ತು. ವಿಲ್ಲಿಯನೂರಿನಲ್ಲಿ ಅದನ್ನು ಇಳಿಸಿಕೊಂಡು, ತಮಿಳಿಗೆ ತಂದು, ವೀರಾಂಪಟ್ಟಿಣಕ್ಕೆ ಕಳಿಸುತ್ತಿದ್ದರು. ಅಲ್ಲಿ ಅದನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಿದ್ದರು. ಬಲೆ ಹೆಣೆಯುತ್ತಿದ್ದವರು ಕೂತಲ್ಲೇ ಕಿವಿಗೊಟ್ಟು, ಕಡಲಿಗೆ ಇಳಿಯುವುದೋ ಬೇಡವೋ ತೀರ್ಮಾನ ಮಾಡುತ್ತಿದ್ದರು. ಕಂಪ್ಯೂಟರ್ ಮುಟ್ಟದ ಮನುಷ್ಯನಿಗೂ ಅದರ ಪ್ರಯೋಜನ ತಲುಪಿದ್ದು ಹೀಗೆ. 2004ರ ಡಿಸೆಂಬರ್ 26ರಂದು ನಲ್ಲವಾಡು ಎಂಬ ಇನ್ನೊಂದು ಮೀನುಗಾರರ ಊರಿಗೆ ಸಿಂಗಪುರದಲ್ಲಿದ್ದ ಊರಿನವನೊಬ್ಬ ಫೋನು ಮಾಡಿ ಸುನಾಮಿಯ ಸುದ್ದಿ ತಿಳಿಸಿದ. ಊರವರು ಜ್ಞಾನ ಕೇಂದ್ರದ ಧ್ವನಿವರ್ಧಕದಲ್ಲೇ ಎಚ್ಚರಿಕೆ ಕೂಗಿದರು. ಮನೆ, ದೋಣಿ ಹಾಳಾದವು. ಮೂರು ಸಾವಿರಕ್ಕೂ ಹೆಚ್ಚು ಜನ ಉಳಿದುಕೊಂಡರು.

ಇದೇ ಹೊತ್ತಿನಲ್ಲಿ ಐಐಟಿ ಮದ್ರಾಸಿನ ಬಳಗ ಬೇರೊಂದು ದಾರಿ ಹಿಡಿಯಿತು. ಮಧುರೈ ಹತ್ತಿರದ ಮೇಲೂರು ತಾಲ್ಲೂಕಿನಲ್ಲಿ 2001ರಿಂದ ಹಳ್ಳಿಗೊಂದು ಇಂಟರ್‌ನೆಟ್ ಕಿಯೋಸ್ಕ್ ತೆರೆಯತೊಡಗಿದರು. ಊರಿನ ಒಬ್ಬರು ಸಾಲ ಮಾಡಿ ಯಂತ್ರ ಕೊಂಡು, ಬಂದವರಿಂದ ಶುಲ್ಕ ಪಡೆದು, ಅದರಲ್ಲೇ ಜೀವನ ನಡೆಸಬೇಕು ಎಂಬ ಲೆಕ್ಕ. ತಂತ್ರಜ್ಞಾನ ಚೆನ್ನಾಗಿತ್ತು, ಬೆಲೆಯೂ ಕಡಿಮೆಯಿತ್ತು. ಆದರೂ ನಾಲ್ಕೈದು ವರ್ಷಗಳಲ್ಲಿ ಬಹುಪಾಲು ಕಿಯೋಸ್ಕುಗಳು ಮುಚ್ಚಿದವು. ಹೇಳಿಕೊಡುವವನು ಗಿರಾಕಿಯಿಂದಲೇ ಹೊಟ್ಟೆ ಹೊರೆಯಬೇಕಾದಾಗ, ಹಣ ಕೊಡಲಾರದ ಕಲಿಕೆಗಾರ ಅವನಿಗೆ ಹೊರೆಯಾಗುತ್ತಾನೆ. ಗ್ರಂಥಾಲಯ ಎಂಬ ತೆರಿಗೆ ಹಣದ ಸಂಸ್ಥೆ ಬೇಕಾಗುವುದೇ ಈ ಜಾಗದಲ್ಲಿ.

ಸರ್ಟಿಫಿಕೇಟಿನ ಲೆಕ್ಕ

ಕೇಂದ್ರ ಸರ್ಕಾರ ಹಿಡಿದದ್ದು ಕೋರ್ಸಿನ ದಾರಿ. 2014ರಲ್ಲಿ ರಾಷ್ಟ್ರೀಯ ಡಿಜಿಟಲ್ ಸಾಕ್ಷರತಾ ಅಭಿಯಾನ ಬಂತು. 2017ರಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ, ಅಂದರೆ ಪಿಎಂಜಿದಿಶಾ, ಶುರುವಾಯಿತು. ಆರು ಕೋಟಿ ಜನಕ್ಕೆ ಕಲಿಸುವ ಗುರಿ. 2024ರ ಮಾರ್ಚಿಗೆ ಮುಗಿಯುವಾಗ ಗುರಿ ದಾಟಿತ್ತು. ಇಷ್ಟು ದೊಡ್ಡ ಕಾರ್ಯಕ್ರಮವನ್ನು ಹಗುರವಾಗಿ ಕಾಣುವಂತಿಲ್ಲ. ಅದರ ಚೌಕಟ್ಟನ್ನು ಮಾತ್ರ ಗಮನಿಸಬೇಕು. ಒಂದು ಮನೆಯಿಂದ ಒಬ್ಬರು, ವಯಸ್ಸು 14ರಿಂದ 60, ತರಬೇತಿ 20 ಗಂಟೆ, ಕೊನೆಗೊಂದು ಪರೀಕ್ಷೆ, ತೇರ್ಗಡೆಯಾದರೆ ತರಬೇತಿ ಕೇಂದ್ರಕ್ಕೆ ತಲೆಗಿಷ್ಟು ಹಣ. ಹೆಸರಲ್ಲೇ ಇರುವಂತೆ ಇದು ಹಳ್ಳಿಗಳಿಗೆ ಮಾತ್ರ.

ಚೆನ್ನೈನ ವ್ಯಾಸರ್ಪಾಡಿಯ, ಪುಳಿಯಂತೋಪಿನ ಬಡವರು ಈ ಲೆಕ್ಕದಲ್ಲಿ ಬರಲಿಲ್ಲ. ಅರವತ್ತು ದಾಟಿದವರು ಎಲ್ಲೂ ಬರಲಿಲ್ಲ, ಸೈಬರ್ ವಂಚಕರು ಅವರನ್ನೂ ಗುರಿ ಮಾಡುತ್ತಾರಾದರೂ. ನಗರದವರಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಅಂಕಿಅಂಶ ಹಾಗೆ ಹೇಳುವುದಿಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಐದು ವರ್ಷ ಮೇಲ್ಪಟ್ಟವರಲ್ಲಿ ಕಂಪ್ಯೂಟರ್ ಬಳಸಬಲ್ಲವರು ಹಳ್ಳಿಗಳಲ್ಲಿ ಶೇ. 9.9, ಪಟ್ಟಣಗಳಲ್ಲಿ ಶೇ. 32.4. ಪಟ್ಟಣದಲ್ಲೂ ಮೂವರಲ್ಲಿ ಇಬ್ಬರಿಗೆ ಬರುತ್ತಿರಲಿಲ್ಲ. ಆಮೇಲೆ ಕೈಗೆ ಕೈಗೆ ಸ್ಮಾರ್ಟ್‌ಫೋನ್ ಬಂದದ್ದು ನಿಜ. ಫೋನಿನಲ್ಲಿ ವಿಡಿಯೋ ನೋಡುವುದಕ್ಕೂ ಅದೇ ಫೋನಿನಲ್ಲಿ ಸರ್ಕಾರದ ಅರ್ಜಿ ತುಂಬುವುದಕ್ಕೂ ನಡುವೆ ಇರುವ ದೂರ ಹಾಗೇ ಉಳಿದಿದೆ.

ಇಪ್ಪತ್ತು ಗಂಟೆಯ ಕೋರ್ಸಿಗೆ ಇನ್ನೊಂದು ಮಿತಿಯಿದೆ. ಬ್ಯಾಂಕಿನ ಆ್ಯಪ್ ಆರು ತಿಂಗಳಿಗೊಮ್ಮೆ ಮುಖ ಬದಲಿಸುತ್ತದೆ. ಹಿಂದಿನ ಸಲ ಎಡಗಡೆ ಇದ್ದ ಗುಂಡಿ ಈ ಸಲ ಮೂರು ಗೆರೆಗಳ ಒಳಗೆ ಅವಿತಿರುತ್ತದೆ. ಅಂದು ಕಲಿತದ್ದು ಇಂದು ಉಪಯೋಗಕ್ಕೆ ಬಾರದಾಗ ಕೇಳಲು ಹೋದರೆ ಕೋರ್ಸು ಮುಗಿದಿರುತ್ತದೆ, ತರಬೇತಿ ಕೇಂದ್ರದ ಬಾಗಿಲಿಗೆ ಬೀಗ. ಈ ವಿದ್ಯೆಗೆ ಬೇಕಾದದ್ದು ಮರೆತಾಗ ಮತ್ತೆ ಹೋಗಿ ಕೇಳಬಹುದಾದ ಜಾಗ. ಗ್ರಂಥಾಲಯದ ಬಾಗಿಲು ಹೇಗೂ ದಿನಾ ತೆರೆದಿರುತ್ತದೆ, ಅಲ್ಲಿಗೆ ಎರಡನೇ ಸಲ ಬಂದವನನ್ನು ಯಾರೂ ದಡ್ಡ ಅನ್ನುವುದಿಲ್ಲ.

ಕೋಟ್ಟೂರ್‌ಪುರದ ಒಂಬತ್ತು ಮಹಡಿ

ಚೆನ್ನೈನ ಇಂದಿನ ಗ್ರಂಥಾಲಯ ಎಂದರೆ ಮೊದಲು ನೆನಪಾಗುವುದು ಕೋಟ್ಟೂರ್‌ಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯ. 2010ರ ಸೆಪ್ಟೆಂಬರ್ 15ರಂದು ಕರುಣಾನಿಧಿ ಉದ್ಘಾಟಿಸಿದ ಒಂಬತ್ತು ಮಹಡಿಯ ಕಟ್ಟಡ. ಮರುವರ್ಷವೇ ಜಯಲಲಿತಾ ಸರ್ಕಾರ ಅದನ್ನು ಮಕ್ಕಳ ಆಸ್ಪತ್ರೆ ಮಾಡುವುದಾಗಿ ಹೇಳಿತು. ಮದ್ರಾಸ್ ಹೈಕೋರ್ಟ್ ತಡೆಯಿತು. ಓದುಗರು ಬೀದಿಗಿಳಿದು, ನ್ಯಾಯಾಲಯದ ಮೆಟ್ಟಿಲೇರಿ ಉಳಿಸಿಕೊಂಡ ಗ್ರಂಥಾಲಯವಿದು. ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯವೂ ಈಗ ಇದೇ ಕಟ್ಟಡದಲ್ಲಿದೆ. ಕನ್ನಡದ ತಾಳೆಗರಿ, ಕಡತಗಳೂ ಅಲ್ಲಿರುವುದರಿಂದ ನಮ್ಮ ಸಂಶೋಧಕರಿಗೂ ಆ ವಿಳಾಸ ಹೊಸದಲ್ಲ. ನೆಲಮಹಡಿಯಲ್ಲಿ ಬ್ರೈಲ್ ವಿಭಾಗವಿದೆ. ಸ್ವಂತ ಪುಸ್ತಕ ತಂದು ಓದುವವರಿಗೇ ಬೇರೆ ವಿಭಾಗವಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರು ಬೆಳಗ್ಗೆಯೇ ಅಲ್ಲಿ ಜಾಗ ಹಿಡಿಯುತ್ತಾರೆ.

2024ರ ನವೆಂಬರಿನಲ್ಲಿ ಉತ್ತರ ಚೆನ್ನೈನ ಕೊಳತ್ತೂರಿನಲ್ಲಿ ‘ಮುದಲ್ವರ್ ಪಡೈಪ್ಪಗಂ’ ತೆರೆಯಿತು. ಪರೀಕ್ಷೆಗೆ ಓದುವವರಿಗೂ ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುವವರಿಗೂ ಅಲ್ಪ ಶುಲ್ಕಕ್ಕೆ ಮೇಜು, ಕುರ್ಚಿ, ವೈಫೈ ಒದಗಿಸುವ ಜಾಗ. ಮನೆಯಲ್ಲಿ ಒಂದೇ ಕೋಣೆ ಇರುವವರ ಬೀದಿಗಳಲ್ಲಿ ಇದು ಸಣ್ಣ ಉಪಕಾರವೇನಲ್ಲ.

ಆದರೆ ಗಮನಿಸಿ: ಎರಡೂ ಕಡೆ ಅನುಕೂಲ ಸಿಗುವುದು ಕಂಪ್ಯೂಟರ್ ಬಲ್ಲವರಿಗೆ. ಬಾರದವರು ಅಲ್ಲಿ ಹೋಗಿ ಕೂರುವ ಕುರ್ಚಿ ಯಾವುದು? ಅಣ್ಣಾ ಸಾಲೈಯ ದೇವನೇಯ ಪಾವಣರ್ ಜಿಲ್ಲಾ ಕೇಂದ್ರ ಗ್ರಂಥಾಲಯ ಇರಲಿ, ಬಡಾವಣೆಗಳ ಶಾಖೆಗಳಿರಲಿ, ಒಂದೆರಡು ಕಂಪ್ಯೂಟರ್ ಇಟ್ಟುಬಿಟ್ಟರೆ ತರಬೇತಿ ಆಯಿತೆಂದು ಭಾವಿಸುವಂತಿಲ್ಲ. ಶಾಖಾ ಗ್ರಂಥಾಲಯದ ಸಿಬ್ಬಂದಿಯ ದಿನ ಹೇಗಿರುತ್ತದೆ ನೋಡಿ. ಬೀಗ ತೆಗೆಯುವುದು, ಪತ್ರಿಕೆ ಜೋಡಿಸುವುದು, ಪುಸ್ತಕ ಬರೆದುಕೊಂಡು ಕೊಡುವುದು, ಹೊಸ ಪುಸ್ತಕಕ್ಕೆ ನಂಬರು ಹಾಕುವುದು, ಲೆಕ್ಕ ಒಪ್ಪಿಸುವುದು, ಸಂಜೆ ಬೀಗ ಹಾಕುವುದು. ಇದರ ನಡುವೆ ಒಬ್ಬರ ಫೋನು ಹಿಡಿದು ಮುಕ್ಕಾಲು ಗಂಟೆ ಕೂರುವ ಪುರುಸೊತ್ತು ಎಲ್ಲಿಂದ ಬರಬೇಕು? ಕೂತರೂ ಅದು ಅವರ ಒಳ್ಳೆಯತನವಾಯಿತೇ ಹೊರತು ಕೆಲಸದ ಪಟ್ಟಿಯಲ್ಲಿ ಸೇರುವುದಿಲ್ಲ.

ಕರ್ನಾಟಕದ ಅರಿವು ಕೇಂದ್ರಗಳು

ಈ ವಿಷಯದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ನಡೆದದ್ದನ್ನು ಚೆನ್ನೈ ನೋಡಬೇಕು. ನಮ್ಮಲ್ಲಿ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ, ಇಲಾಖೆ ಹುಟ್ಟಿದ್ದು 1966ರ ನವೆಂಬರ್ 1ರಂದು. ಅದಕ್ಕೂ ಹಿಂದೆ ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿ 1940ರ ದಶಕದಲ್ಲೇ ಅಕ್ಷರ ಕಲಿಸುವುದು, ಹಳ್ಳಿ ಗ್ರಂಥಾಲಯ ನಡೆಸುವುದು, ವಿದ್ಯಾಪೀಠಗಳಲ್ಲಿ ರೈತರ ಮಕ್ಕಳಿಗೆ ಕಸುಬು ಕಲಿಸುವುದು ಎಲ್ಲವನ್ನೂ ಒಂದೇ ಕೆಲಸವೆಂದು ಭಾವಿಸಿ ಮಾಡಿತ್ತು.

2019ರಲ್ಲಿ ಐದು ಸಾವಿರದ ಆರುನೂರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು. ಆಗ ಬಹಳ ಕಡೆ ಗ್ರಂಥಾಲಯವೆಂದರೆ ಒಂದು ಕೋಣೆ, ನಾಲ್ಕು ಕಪಾಟು, ಗೌರವಧನಕ್ಕೆ ಅರೆಕಾಲ ದುಡಿಯುವ ಒಬ್ಬ ಮೇಲ್ವಿಚಾರಕ. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ಕಾಲ. ಮಕ್ಕಳು ಗುಂಪುಗುಂಪಾಗಿ ಬಂದು ಸೇರಿಕೊಂಡರು. ಆಮೇಲೆ ಇವು ‘ಅರಿವು ಕೇಂದ್ರ’ಗಳಾದವು. ಗೋಡೆಗೆ ಬಣ್ಣ, ಮಕ್ಕಳ ಮೂಲೆ, ಚದುರಂಗ, ಕೇರಂ, ಅಂಗವಿಕಲರಿಗೆ ರ‍್ಯಾಂಪು, ಜೊತೆಗೆ ಕಂಪ್ಯೂಟರ್, ಸ್ಮಾರ್ಟ್‌ಫೋನ್, ಟಿವಿ ಬಂದವು. ಸ್ವಯಂಸೇವಾ ಸಂಸ್ಥೆಗಳು, ಕಂಪನಿಗಳು ಯಂತ್ರ ಕೊಟ್ಟವು; ಪಂಚಾಯಿತಿ ಕಟ್ಟಡ ಮತ್ತು ವಿದ್ಯುತ್ತಿನ ಹೊಣೆ ಹೊತ್ತಿತು.

ಇಲ್ಲಿ ಬದಲಾವಣೆ ತಂದದ್ದು ಯಂತ್ರ ಎನ್ನುವುದಕ್ಕಿಂತ ಎರಡು ಆಡಳಿತದ ತೀರ್ಮಾನಗಳು. ಒಂದು, ಗ್ರಂಥಾಲಯವನ್ನು ಊರಿನ ಉಳಿದ ವ್ಯವಹಾರಗಳ ಜೊತೆ ಸೇರಿಸಿದ್ದು. ಪಂಚಾಯಿತಿಗೆ ಬಂದವರು ಪಕ್ಕದ ಬಾಗಿಲನ್ನೂ ತಳ್ಳಿ ನೋಡುವಂತಾಯಿತು. ಎರಡು, ಮೇಲ್ವಿಚಾರಕರನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು. ಅವರಿಗೆ ತರಬೇತಿ ಸಿಕ್ಕಿತು, ಅವರ ಕೆಲಸ ಸುದ್ದಿಯಾಯಿತು, ಗೌರವಧನದ ಮಾತು ವಿಧಾನಸೌಧದವರೆಗೆ ಹೋಯಿತು. ಎಲ್ಲ ಕಡೆ ಎಲ್ಲ ಸರಿಹೋಗಿದೆ ಎಂದೇನಲ್ಲ. ಇಂಟರ್‌ನೆಟ್ ಬಿಲ್ ಕಟ್ಟದೆ ಕಂಪ್ಯೂಟರಿಗೆ ಬಟ್ಟೆ ಮುಚ್ಚಿಟ್ಟ ಕೇಂದ್ರಗಳೂ ಸಿಗುತ್ತವೆ. ಮೇಲ್ವಿಚಾರಕರೇ ಉತ್ಸಾಹಿಗಳಾದ ಕಡೆ ಒಂದು ಫೋನಿನಿಂದಲೂ ಕೆಲಸ ನಡೆದಿದೆ, ಅವರು ನಿರಾಸಕ್ತರಾದ ಕಡೆ ಐದು ಕಂಪ್ಯೂಟರೂ ಧೂಳು ತಿಂದಿವೆ.

2020ರಲ್ಲೇ ಬಂದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಇನ್ನೊಂದು ಬಗೆ. ಮನೆಯಲ್ಲೇ ಕೂತು ಇ-ಪುಸ್ತಕ, ವಿಡಿಯೋ ಪಾಠ ತೆರೆಯಬಹುದು. ಲಕ್ಷಾಂತರ ಮಂದಿ ನೋಂದಾಯಿಸಿಕೊಂಡರು. ಬಳಸಲು ಬರುವವನಿಗೆ ಇದು ದೊಡ್ಡ ಕಣಜ. ಬಾರದವನಿಗೆ ಆ ಆ್ಯಪನ್ನು ತೆರೆದು ತೋರಿಸಲು ಮತ್ತೆ ಒಬ್ಬ ಮನುಷ್ಯನೇ ಬೇಕು.

ಬೆಂಗಳೂರಿನಲ್ಲಿ ಈ ಕೆಲಸವನ್ನು ಗ್ರಂಥಾಲಯದ ಹೊರಗೆ ಮಾಡಿ ತೋರಿಸಿದವರಿದ್ದಾರೆ. ಬನ್ನೇರುಘಟ್ಟ ರಸ್ತೆಯ ಕಡೆಯ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಫ್ರೀ ಸಾಫ್ಟ್‌ವೇರ್ ಚಳವಳಿಯ ಕಾರ್ಯಕರ್ತರು ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ ನಡೆಸಿದರು. ಹಳೆಯ ಕಂಪ್ಯೂಟರುಗಳು, ದುಡ್ಡು ಕೊಡಬೇಕಿಲ್ಲದ ತಂತ್ರಾಂಶ, ಬಿಡುವಿನ ವೇಳೆಯಲ್ಲಿ ಬಂದು ಕಲಿಸುವ ಎಂಜಿನಿಯರುಗಳು. ಅಲ್ಲಿನ ಮಕ್ಕಳು ಗಿಂಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಬಳಸಿ ಬರೆದ ಚಿತ್ರಗಳು ಪ್ರದರ್ಶನ ಕಂಡವು. ಅಂಥ ಕೇಂದ್ರಗಳ ಕಷ್ಟವೆಂದರೆ ಕಾರ್ಯಕರ್ತರಿಗೆ ಕೆಲಸ ಬದಲಾದರೆ, ಮದುವೆಯಾಗಿ ಊರು ಬಿಟ್ಟರೆ ತರಗತಿ ನಿಲ್ಲುವುದು. ಅವರ ಉತ್ಸಾಹಕ್ಕೆ ಗ್ರಂಥಾಲಯದ ಸೂರು, ಕರದ ಹಣ ಸೇರಿದ್ದರೆ ಏನಾಗಬಹುದಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ.

ಕಾಸರಗೋಡಿನಿಂದ ತಿರುವನಂತಪುರದವರೆಗೆ

ಕೇರಳ ಹಿಡಿದದ್ದು ಮೂರನೆಯ ದಾರಿ. 2002ರಲ್ಲಿ ಮಲಪ್ಪುರದಲ್ಲಿ ಶುರುವಾದ ಅಕ್ಷಯ ಯೋಜನೆ ಮನೆಗೊಬ್ಬರಿಗೆ ಕಂಪ್ಯೂಟರ್ ಕಲಿಸಲು ಹೊರಟಿತ್ತು. ಇಪ್ಪತ್ತು ವರ್ಷದ ನಂತರ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯಿತಿ ಊರಿಗೆ ಊರನ್ನೇ ಕಲಿಸಿ 2022ರ ಸೆಪ್ಟೆಂಬರಿನಲ್ಲಿ ಪೂರ್ಣ ಡಿಜಿಟಲ್ ಸಾಕ್ಷರ ಎನಿಸಿಕೊಂಡಿತು. ಅದನ್ನೇ ಮಾದರಿ ಮಾಡಿಕೊಂಡು ‘ಡಿಜಿ ಕೇರಳಂ’ ನಡೆಯಿತು. ಕಾರ್ಯಕರ್ತರು ಮನೆಮನೆಗೆ ಹೋಗಿ ಯಾರಿಗೆ ಬರುವುದಿಲ್ಲ ಎಂದು ಮೊದಲು ಪಟ್ಟಿ ಮಾಡಿದರು. ಆಮೇಲೆ ಮನೆಯಂಗಳ, ಉದ್ಯೋಗ ಖಾತರಿ ಕೆಲಸದ ಜಾಗ, ಗ್ರಂಥಾಲಯ ಹೀಗೆ ಸಿಕ್ಕಲ್ಲಿ ಕೂತು ಕಲಿಸಿದರು. 21 ಲಕ್ಷಕ್ಕೂ ಹೆಚ್ಚು ಜನ ಕಲಿತರು. ವಯಸ್ಸಿನ ಮೇಲಿನ ಮಿತಿ ಇರಲಿಲ್ಲ. ನೂರು ದಾಟಿದವರೂ ಕಲಿತರು. 2025ರ ಆಗಸ್ಟ್ 21ರಂದು ರಾಜ್ಯವನ್ನು ಪೂರ್ಣ ಡಿಜಿಟಲ್ ಸಾಕ್ಷರವೆಂದು ಘೋಷಿಸಿದರು.

ಪಿ. ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಗ್ರಂಥಶಾಲಾ ಸಂಘದಿಂದ ಬೆಳೆದ ಸಾವಿರಾರು ಊರ ಗ್ರಂಥಾಲಯಗಳು ಕೇರಳದಲ್ಲಿವೆ. ಅವು ಸರ್ಕಾರ ತೆರೆದ ಶಾಖೆಗಳಲ್ಲ, ಊರವರೇ ಸಮಿತಿ ಮಾಡಿಕೊಂಡು ನಡೆಸುವವು. ಕಾರ್ಯಕರ್ತರು ಸಿಗುವುದು ಅಲ್ಲಿಂದಲೇ. ಕಾಸರಗೋಡು, ಮಂಜೇಶ್ವರದ ಕನ್ನಡಿಗರೂ ಇದೇ ವ್ಯವಸ್ಥೆಯೊಳಗಿನವರು. ಅಲ್ಲಿ ಏಳುವ ಪ್ರಶ್ನೆ ಚೆನ್ನೈನಲ್ಲೂ ಏಳುತ್ತದೆ: ಕಲಿಸುವುದು ಯಾವ ಭಾಷೆಯಲ್ಲಿ?

ಯಾವ ಅಕ್ಷರದಲ್ಲಿ ಕಲಿಯುವುದು?

ಚೆನ್ನೈ ಕನ್ನಡಿಗರದ್ದು ಹಳೆಯ ಬೇರು. ಮದ್ರಾಸ್ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿದ್ದ ಎಂ. ಮರಿಯಪ್ಪ ಭಟ್ಟರು ಕಿಟೆಲ್ ನಿಘಂಟನ್ನು ಪರಿಷ್ಕರಿಸಿ ಅಲ್ಲಿಂದಲೇ ಹೊರತಂದರು. ಟಿ. ನಗರದ ಕರ್ನಾಟಕ ಸಂಘ, ಅಯನಾವರದ ಕನ್ನಡ ಸಂಘ ಇಂದಿಗೂ ಇವೆ. ಈ ಮನೆಗಳ ಹಿರಿಯರು ಕನ್ನಡ ಓದುತ್ತಾರೆ, ತಮಿಳು ಮಾತಾಡುತ್ತಾರೆ, ಫೋನು ಮಾತ್ರ ಇಂಗ್ಲಿಷಿನಲ್ಲಿ ಇಟ್ಟುಕೊಂಡಿರುತ್ತಾರೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದೆಂದು ಅವರಿಗೆ ಯಾರೂ ತೋರಿಸಿರುವುದಿಲ್ಲ. ತೆಲುಗು, ಉರ್ದು, ಮಲಯಾಳಂ ಮನೆಗಳ ಕಥೆಯೂ ಬೇರೆಯಲ್ಲ.

ಭಾಷೆಯ ತಾಂತ್ರಿಕ ಕೆಲಸವೆಲ್ಲ ಎಂದೋ ಆಗಿದೆ. 1999ರಲ್ಲಿ ಚೆನ್ನೈನಲ್ಲಿ ನಡೆದ ತಮಿಳ್‌ನೆಟ್ ಸಮ್ಮೇಳನದಿಂದ ತಮಿಳ್99 ಕೀಲಿಮಣೆ ಬಂತು. ಕನ್ನಡಕ್ಕೆ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆ. ಕುರುಡರಿಗಾಗಿ ತೆರೆ ಓದುವ ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ. ಇ-ಸ್ಪೀಕ್ ಎಂಬ ಧ್ವನಿ ತಂತ್ರಾಂಶದ ಜೊತೆ ಸೇರಿ ಅದು ತಮಿಳನ್ನೂ ಕನ್ನಡವನ್ನೂ ಗಟ್ಟಿಯಾಗಿ ಓದುತ್ತದೆ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಅಂಧರಿಗೆ ಕಂಪ್ಯೂಟರ್ ಕಲಿಸುವುದರಲ್ಲಿ ವರ್ಷಗಳ ಅನುಭವ ಪಡೆದಿವೆ. ಬ್ರೈಲ್ ವಿಭಾಗ ಇರುವ ಗ್ರಂಥಾಲಯಕ್ಕೆ ಎನ್‌ವಿಡಿಎ ಹಾಕಿಸುವುದಕ್ಕೆ ಖರ್ಚೇ ಇಲ್ಲ. ಅದನ್ನು ಕಲಿಸುವವರನ್ನು ಕರೆತರುವುದಕ್ಕೆ ಮಾತ್ರ ಖರ್ಚಿದೆ.

ಹೊರಗಿನ ಪಾಠ

ಬ್ರಿಟನ್ನಿನಲ್ಲಿ 2000ದ ಸುಮಾರಿಗೆ ಲಾಟರಿ ನಿಧಿಯಿಂದ ದೇಶದ ಸಾರ್ವಜನಿಕ ಗ್ರಂಥಾಲಯಗಳಿಗೆಲ್ಲ ಕಂಪ್ಯೂಟರ್ ಹಾಕಿದರು. ‘ಪೀಪಲ್ಸ್ ನೆಟ್‌ವರ್ಕ್’ ಎಂದು ಹೆಸರು. ಅದರಲ್ಲಿ 2 ಕೋಟಿ ಪೌಂಡನ್ನು ಗ್ರಂಥಾಲಯದ ಸಿಬ್ಬಂದಿಗೆ ಕಲಿಸುವುದಕ್ಕೆಂದೇ ತೆಗೆದಿಟ್ಟಿದ್ದರು. ಬಾಗಿಲಲ್ಲಿ ಕೂತವರಿಗೆ ಬಂದರೆ ತಾನೇ ಬಂದವರಿಗೆ ಹೇಳಿಕೊಡುವುದು? 2010ರ ನಂತರ ಅದೇ ಬ್ರಿಟನ್ ಖರ್ಚು ಕಡಿತಗೊಳಿಸಿ ನೂರಾರು ಗ್ರಂಥಾಲಯಗಳನ್ನು ಮುಚ್ಚಿತು. ಸರ್ಕಾರದ ಸೇವೆಗಳು ಆನ್‌ಲೈನ್ ಆದ ಹೊತ್ತಿಗೆ ಕಲಿಸುವ ಜಾಗಗಳೇ ಕಡಿಮೆಯಾದವು.

ಅಮೆರಿಕದಲ್ಲಿ ಗೇಟ್ಸ್ ಪ್ರತಿಷ್ಠಾನ 1997ರಿಂದ ಗ್ರಂಥಾಲಯಗಳಿಗೆ ಕಂಪ್ಯೂಟರ್, ಅಂತರ್ಜಾಲ ಕೊಟ್ಟಿತು. ಚಿಲಿ ದೇಶ 2002ರಲ್ಲಿ ಅದೇ ಪ್ರತಿಷ್ಠಾನದ ನೆರವಿನಿಂದ ‘ಬಿಬ್ಲಿಯೊರೆಡೆಸ್’ ಕಟ್ಟಿ, ದೇಶದ ಉದ್ದಗಲಕ್ಕೂ ಗ್ರಂಥಾಲಯಗಳಲ್ಲಿ ಉಚಿತ ತರಗತಿ ನಡೆಸಿತು. ಹಣ ಕೊಟ್ಟ ಪ್ರತಿಷ್ಠಾನ 2018ರಲ್ಲಿ ಗ್ರಂಥಾಲಯ ಕಾರ್ಯಕ್ರಮವನ್ನು ನಿಲ್ಲಿಸಿತು. ಚಿಲಿಯ ಜಾಲವನ್ನು ಸರ್ಕಾರವೇ ತನ್ನದೆಂದು ನಡೆಸಿಕೊಂಡು ಹೋಯಿತು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2018ರಲ್ಲಿ ತೆರೆದ ‘ಓಡಿ’ ಗ್ರಂಥಾಲಯದಲ್ಲಿ ತ್ರೀಡಿ ಪ್ರಿಂಟರೂ ಇದೆ, ಹೊಲಿಗೆ ಯಂತ್ರವೂ ಇದೆ. ನಮ್ಮಲ್ಲಿ ಇಂಥ ಸುದ್ದಿ ಬಂದಾಗ ಕಣ್ಣು ಹೋಗುವುದು ಯಂತ್ರದ ಕಡೆಗೆ. ಆ ಯಂತ್ರದ ಪಕ್ಕ ನಿಂತು ತೋರಿಸುವವರಿಗೆ ಅಲ್ಲಿ ಖಾಯಂ ಸಂಬಳ ಇದೆ ಎಂಬುದು ಗಮನಕ್ಕೆ ಬರುವುದಿಲ್ಲ.

ಆಕ್ಷೇಪಗಳು

ಗ್ರಂಥಾಲಯ ಓದುವ ಜಾಗ, ಅದನ್ನು ಸೈಬರ್ ಕೆಫೆ ಮಾಡಬೇಡಿ ಎನ್ನುವವರಿದ್ದಾರೆ. ಅವರ ಆತಂಕದಲ್ಲಿ ಹುರುಳಿದೆ: ಪುಸ್ತಕದ ಹಣ ಯಂತ್ರಕ್ಕೆ ಹೋಗಬಾರದು, ಓದುವವರ ಮೌನ ಕೆಡಬಾರದು. ವಾರಕ್ಕೆ ಎರಡು ದಿನ, ಒಂದು ಮೂಲೆಯಲ್ಲಿ, ಗೊತ್ತಾದ ವೇಳೆಯಲ್ಲಿ ಕಲಿಸಿದರೆ ಎರಡೂ ಉಳಿಯುತ್ತವೆ. ಕಂಪ್ಯೂಟರ್ ಕಲಿಯಲು ಬಂದವರು ಪುಸ್ತಕದ ಕಪಾಟಿನ ಮುಂದೆಯೇ ಹಾದುಹೋಗಬೇಕಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಕಲಿಸುವ ನೆಪದಲ್ಲಿ ಬೇರೆಯವರ ಫೋನು ಹಿಡಿದು, ಪಿನ್ ನೋಡಿ, ಒಟಿಪಿ ಕೇಳಿದರೆ ಏನಾಗಬಹುದು? ಬ್ರೌಸಿಂಗ್ ಸೆಂಟರುಗಳಲ್ಲಿ ಆಗುವುದು ಇದೇ: ಪಾಸ್‌ವರ್ಡು ಅಂಗಡಿಯವನ ನೋಟ್‌ಬುಕ್ಕಿನಲ್ಲಿ, ಆಧಾರದ ಪ್ರತಿ ಅವನ ಕಂಪ್ಯೂಟರಿನಲ್ಲಿ. ಗ್ರಂಥಾಲಯದಲ್ಲಿ ನಿಯಮ ಕಟ್ಟುನಿಟ್ಟಾಗಿರಬೇಕು. ಬಂದವರ ಫೋನು ಬಂದವರ ಕೈಯಲ್ಲೇ ಇರಬೇಕು. ಹೇಳಿಕೊಡುವವರು ಬೆರಳು ತೋರಿಸಬಹುದು, ಒತ್ತಬಾರದು. ಒಟಿಪಿ ಬಂದಾಗ ಮುಖ ಆಚೆ ತಿರುಗಿಸಬೇಕು. ಈ ಅಭ್ಯಾಸವೇ ಒಂದು ಪಾಠ: ಗ್ರಂಥಾಲಯದವರೇ ಕೇಳದ ಒಟಿಪಿಯನ್ನು ಫೋನಿನಲ್ಲಿ ಪೊಲೀಸ್ ಎಂದು ಹೇಳಿಕೊಂಡವನಿಗೆ ಕೊಡಬಾರದು, ಮೋಸವಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದು ಹಾಗೆ ಮನಸ್ಸಿಗೆ ನಾಟುತ್ತದೆ.

ಮೂರನೆಯದು ಹಣ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಗ್ರಂಥಾಲಯ ಕರವನ್ನು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ಚೆನ್ನೈನಲ್ಲೂ ಬೆಂಗಳೂರಿನಲ್ಲೂ ಹಳೆಯ ದೂರು. ಹಣವಿಲ್ಲ ಎಂಬ ಮಾತಿಗೆ ಮೊದಲು ಆ ಬಾಕಿಯ ಲೆಕ್ಕ ಹೊರಬರಬೇಕು.

ಏನು ಮಾಡಬಹುದು

ಚೆನ್ನೈನ ಬಳಿ ಕಾನೂನಿದೆ, ಕರವಿದೆ, ಕಟ್ಟಡವಿದೆ, ಊರ ತುಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಿದ್ದಾರೆ. ಇಲ್ಲದಿರುವುದು ಈ ಕೆಲಸಕ್ಕೆ ಹೊಣೆಯಾದ ಹುದ್ದೆ. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಒಬ್ಬರು, ನಾಲ್ಕೈದು ಶಾಖೆಗಳಿಗೆ ಒಬ್ಬರಂತೆ ತಾಂತ್ರಿಕ ಸಹಾಯಕರನ್ನು ಕರದ ಹಣದಿಂದ ನೇಮಿಸಬೇಕು. ಅವರು ವಾರದಲ್ಲಿ ಯಾವ ದಿನ ಯಾವ ಶಾಖೆಯಲ್ಲಿರುತ್ತಾರೆ ಎಂದು ಬಾಗಿಲಲ್ಲಿ ಬರೆದಿರಬೇಕು. ವಿದ್ಯಾರ್ಥಿ ಸ್ವಯಂಸೇವಕರು ಅವರ ಕೈಕೆಳಗೆ ಕೆಲಸ ಮಾಡಬೇಕು. ವಿದ್ಯಾರ್ಥಿಗಳು ಬದಲಾದರೂ ಹುದ್ದೆ ಉಳಿಯುತ್ತದೆ. ಕರ್ನಾಟಕ ಸಂಘದಂಥ ಭಾಷಾ ಸಂಘಗಳು ತಮ್ಮ ಹಿರಿಯರಿಗಾಗಿ ಕನ್ನಡ, ತೆಲುಗು ಬಲ್ಲವರನ್ನು ಒದಗಿಸಬಹುದು.

ಕೊನೆಯದಾಗಿ ಅಳತೆಯ ಮಾತು. ಎಷ್ಟು ಜನಕ್ಕೆ ಸರ್ಟಿಫಿಕೇಟ್ ಕೊಟ್ಟಿರಿ ಎಂದು ಇಲಾಖೆ ಕೇಳಿದರೆ ಗ್ರಂಥಾಲಯವೂ ಇನ್ನೊಂದು ತರಬೇತಿ ಕೇಂದ್ರವಾಗಿ, ಪರೀಕ್ಷೆ ಮುಗಿಸಿ ಬೀಗ ಹಾಕುತ್ತದೆ. ಕೇಳಬೇಕಾದ ಪ್ರಶ್ನೆಗಳು ಎರಡು: ಕಳೆದ ತಿಂಗಳು ಬಂದವರಲ್ಲಿ ಈ ತಿಂಗಳು ಹೊಸ ಅನುಮಾನ ಹೊತ್ತು ಮತ್ತೆ ಬಂದವರು ಎಷ್ಟು? ಅಂಗಡಿಗೆ ಹೋಗದೆ ತಮ್ಮ ಅರ್ಜಿಯನ್ನು ತಾವೇ ತುಂಬಿದವರು ಎಷ್ಟು? ಕರ್ನಾಟಕದ ಅರಿವು ಕೇಂದ್ರಗಳೂ ಈ ಎರಡು ಅಂಕಿಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಈ ಲೆಕ್ಕ ಬರೆಯುವುದಕ್ಕೂ ಕಲಿಸುವುದಕ್ಕೂ ಒಬ್ಬರನ್ನು ನೇಮಿಸುವ ತನಕ ಹೊಸ ಕಂಪ್ಯೂಟರಿನ ಟೆಂಡರ್ ಕರೆಯದಿದ್ದರೂ ನಷ್ಟವೇನಿಲ್ಲ.